ಬಿಪಿ ಗುಳಿಗೆ ಎಲ್ಲಿ ನಿಲ್ಲುತ್ತದೆ, ನಿಂತಲ್ಲಿಂದ ಮತ್ತೆ ಹಿಡಿಯುವುದು ಹೇಗೆ

"ಗುಳಗಿ ತಗೋತೀರೇನ್ರಿ?" ಎಂದು ರಾಯಚೂರು ಜಿಲ್ಲೆಯ ಯಾವ ಹಳ್ಳಿಯಲ್ಲಿ ಕೇಳಿದರೂ ಬರುವ ಉತ್ತರ ಒಂದೇ: "ಹೂಂ ರೀ, ತಗೋತೀನಿ." ಕೇಳಿದವರು ಆಶಾ ಕಾರ್ಯಕರ್ತೆಯಾಗಿರಲಿ, ಡಾಕ್ಟರಾಗಿರಲಿ, ಹೊಟ್ಟೆಯಲ್ಲಿ ಹುಟ್ಟಿದ ಮಗನೇ ಆಗಿರಲಿ, ಇಲ್ಲ ಅಂದರೆ ಬೈಸಿಕೊಳ್ಳಬೇಕಾದೀತು ಎಂಬ ಅಳುಕು ಇರುತ್ತದೆ. ಮಾತು ಅಲ್ಲಿಗೇ ಮುಗಿಯುತ್ತದೆ. ಬಿಪಿ ಮಾತ್ರ 170/100ರಲ್ಲೇ ನಿಂತಿರುತ್ತದೆ. ಇದ್ದ ಗುಳಿಗೆ ಸಾಲುತ್ತಿಲ್ಲ ಎಂದುಕೊಂಡು ಡಾಕ್ಟರು ಇನ್ನೊಂದನ್ನು ಬರೆಯುತ್ತಾರೆ. ಮೊದಲನೆಯದನ್ನೇ ಸರಿಯಾಗಿ ನುಂಗದವರ ಕೈಗೆ ಎರಡನೆಯದೂ ಬಂದು ಸೇರುತ್ತದೆ.

ಇದು ಓದು ಬರಹ ಬಾರದವರ ತಪ್ಪು ಎಂದು ತಿಳಿಯಬೇಡಿ. ಶ್ರೀಮಂತ ದೇಶಗಳಲ್ಲಿಯೂ ದೀರ್ಘಕಾಲದ ಕಾಯಿಲೆ ಇರುವವರಲ್ಲಿ ಸುಮಾರು ಅರ್ಧದಷ್ಟು ಮಂದಿ ಮಾತ್ರ ಹೇಳಿದಂತೆ ಔಷಧಿ ತೆಗೆದುಕೊಳ್ಳುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲೇ ವರದಿ ಮಾಡಿತ್ತು. ಬಿಟ್ಟವರೆಲ್ಲ ಒಂದೇ ಕಾರಣಕ್ಕೆ ಬಿಟ್ಟಿರುವುದಿಲ್ಲ. ಒಬ್ಬರಿಗೆ ಕಾಲು ಬಾವು, ಇನ್ನೊಬ್ಬರಿಗೆ ಕೂಲಿ ತಪ್ಪುವ ಚಿಂತೆ, ಮತ್ತೊಬ್ಬರಿಗೆ ಕಿಡ್ನಿ ಹೋದೀತೆಂಬ ಭಯ. ಕಾರಣ ತಿಳಿಯದೆ ಹೇಳುವ ಬುದ್ಧಿಮಾತು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಹಾಗಾಗಿ ಇಲ್ಲಿನ ಹೆಜ್ಜೆಗಳಲ್ಲಿ ಕಾರಣ ಹುಡುಕುವುದಕ್ಕೇ ಹೆಚ್ಚು ಜಾಗ. ಮನೆಯಲ್ಲಿ ಬಿಪಿ ಇರುವವರನ್ನು ನೋಡಿಕೊಳ್ಳುವವರು, ಆಶಾ ಕಾರ್ಯಕರ್ತೆಯರು ಮತ್ತು ಗುಳಿಗೆ ನುಂಗುವವರು, ಮೂವರಿಗೂ ಇದು ಬಳಕೆಯಾಗುತ್ತದೆ.

1. ಕೇಳುವ ಮೊದಲು ಎಣಿಸಿ

ಮನೆಯಲ್ಲಿರುವ ಗುಳಿಗೆ ಪಟ್ಟಿಗಳನ್ನೆಲ್ಲ ಒಂದು ತಟ್ಟೆಗೆ ಹಾಕಿ. ಆಸ್ಪತ್ರೆಯಲ್ಲಿ ಕೊಟ್ಟ ಬಿಪಿ ಕಾರ್ಡಿನ ಮೇಲೆ ಕೊನೆಯ ಸಲ ಔಷಧಿ ಕೊಟ್ಟ ದಿನಾಂಕ ನೋಡಿ. ದಿನಕ್ಕೆ ಒಂದರಂತೆ 30 ಗುಳಿಗೆಯನ್ನು 3ನೇ ತಾರೀಖು ಕೊಟ್ಟು, ಅಂದಿನಿಂದಲೇ ಶುರುಮಾಡಿದ್ದರೆ, 23ನೇ ತಾರೀಖಿನ ರಾತ್ರಿಗೆ 21 ಖರ್ಚಾಗಿ 9 ಉಳಿದಿರಬೇಕು. 15 ಉಳಿದಿದ್ದರೆ ಹೊಟ್ಟೆಗೆ ಹೋದದ್ದು 15, ಅಂದರೆ ನೂರಕ್ಕೆ 71. ನೂರಕ್ಕೆ 80ಕ್ಕಿಂತ ಕಡಿಮೆಯಾದರೆ ಔಷಧಿ ತಪ್ಪುತ್ತಿದೆ ಎಂದು ವೈದ್ಯರು ಲೆಕ್ಕ ಹಿಡಿಯುತ್ತಾರೆ. ತಿಂಗಳಿಗೆ 30ರಲ್ಲಿ 24 ಎಂಬುದು ನೆನಪಿಟ್ಟುಕೊಳ್ಳಲು ಸುಲಭವಾದ ಗುರುತು.

ಉಳಿದದ್ದು 9ಕ್ಕಿಂತಲೂ ಕಡಿಮೆ ಇದ್ದರೂ ಸುಮ್ಮನಾಗಬೇಡಿ. ಗಂಡನ ಪಟ್ಟಿಯಿಂದ ಹೆಂಡತಿ ನುಂಗುವುದು, "ನನಗೂ ತಲಿ ತಿರಗತೈತಿ, ಒಂದು ಕೊಡು" ಎಂದು ಪಕ್ಕದ ಮನೆಯವರು ಇಸಿದುಕೊಳ್ಳುವುದು ಎಲ್ಲ ಊರಲ್ಲೂ ಇದೆ. ಕೆಲವರು ತಲೆನೋವು ಬಂದ ದಿನ ತಾವಾಗಿಯೇ ಎರಡು ನುಂಗಿರುತ್ತಾರೆ.

ಎಣಿಸಿದ ಮೇಲೆ ಕೇಳಿ. "ತಗೋತೀರೋ ಇಲ್ಲೋ" ಅನ್ನುವ ಬದಲು, "ಯವ್ವಾ, ಕೆಲಸದ ಗದ್ದಲದಾಗ ಎಲ್ಲಾರಿಗೂ ಗುಳಗಿ ತಪ್ಪತಾವ. ಹೋದ ಎಂಟು ದಿನದಾಗ ನಿಮಗ ಎಷ್ಟು ದಿನ ತಪ್ಪಿದ್ವು?" ಅನ್ನಿ. ತಪ್ಪುವುದು ಸಹಜ ಎಂದು ನೀವೇ ಮೊದಲು ಒಪ್ಪಿಕೊಂಡಾಗ ಎದುರಿನವರ ಬಾಯಿ ಬಿಚ್ಚುತ್ತದೆ. ಎಣಿಕೆ ನಿಮ್ಮ ಕೈಯಲ್ಲಿದ್ದರೂ ಅದನ್ನು ಮುಖಕ್ಕೆ ಹಿಡಿಯಬೇಡಿ. ಒಮ್ಮೆ ಅವಮಾನವಾದರೆ ಮುಂದಿನ ತಿಂಗಳು ಉಳಿದ ಗುಳಿಗೆಗಳು ತಿಪ್ಪೆ ಸೇರುತ್ತವೆ, ಎಣಿಕೆ ಸರಿಹೋಗುತ್ತದೆ, ಬಿಪಿ ಮಾತ್ರ ಹಾಗೇ ಇರುತ್ತದೆ.

2. ಅಳೆದದ್ದು ಸರಿಯೋ ನೋಡಿ

ತಪ್ಪು ಅಳತೆಯಿಂದ ಬೇಡದ ಗುಳಿಗೆ ಸೇರುತ್ತದೆ, ಬೇಡದ ಗುಳಿಗೆಯಿಂದ ಕಣ್ಣು ಕತ್ತಲೆ ಬರುತ್ತದೆ, ಆಮೇಲೆ ಎಲ್ಲ ಗುಳಿಗೆಗಳೂ ಒಟ್ಟಿಗೇ ಮೂಲೆಗೆ ಬೀಳುತ್ತವೆ.

ಅಳೆಯುವ ಮೊದಲು ಅರ್ಧ ಗಂಟೆ ಚಹಾ, ಬೀಡಿ, ಗುಟ್ಕಾ, ತಂಬಾಕು ಬೇಡ. ಮೂತ್ರಕ್ಕೆ ಹೋಗಿಬರಬೇಕು, ತುಂಬಿದ ಮೂತ್ರಚೀಲ ಬಿಪಿಯನ್ನು ಏರಿಸುತ್ತದೆ. ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ, ಪಾದ ನೆಲಕ್ಕೂರಿ, ಕಾಲ ಮೇಲೆ ಕಾಲು ಹಾಕದೆ 5 ನಿಮಿಷ ಸುಮ್ಮನೆ ಕೂರಬೇಕು. ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಲಿ. ಬಿಪಿ ಯಂತ್ರದ ಪಟ್ಟಿಯನ್ನು ಅಂಗಿಯ ತೋಳಿನ ಮೇಲೆ ಸುತ್ತಬಾರದು, ಬರಿಯ ಚರ್ಮಕ್ಕೆ ಸುತ್ತಬೇಕು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಬಿಪಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಅಳೆಯುವಾಗ ಮಾತು ಬೇಡ, ಅಳೆಯುವವರೂ ಮಾತಾಡಿಸಬಾರದು. ಒಂದೆರಡು ನಿಮಿಷ ಬಿಟ್ಟು ಇನ್ನೊಮ್ಮೆ ಅಳೆದು ಎರಡನ್ನೂ ಬರೆಯಿರಿ.

ಮನೆಯಲ್ಲಿ ಯಂತ್ರ ಇದ್ದರೆ ಡಾಕ್ಟರ ಬಳಿ ಹೋಗುವ ಮೊದಲಿನ 7 ದಿನ ಬೆಳಿಗ್ಗೆ ಗುಳಿಗೆ ನುಂಗುವ ಮುನ್ನ ಎರಡು ಸಲ, ಸಂಜೆ ಎರಡು ಸಲ ಅಳೆಯಿರಿ. ಮೊದಲ ದಿನದ್ದನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ. ಆಸ್ಪತ್ರೆಯಲ್ಲಿ 140/90 ಎಂಬ ಗೆರೆ ಮನೆಯ ಅಳತೆಯಲ್ಲಿ 135/85 ಆಗುತ್ತದೆ. ಸಕ್ಕರೆ ಕಾಯಿಲೆ, ಹೃದಯದ ಅಥವಾ ಕಿಡ್ನಿಯ ತೊಂದರೆ ಇರುವವರಿಗೆ 130/80ರ ಒಳಗೆ ತರಲು ವೈದ್ಯರು ಹೇಳುವುದುಂಟು. ಯಂತ್ರ ಕೊಳ್ಳುವವರು ತೋಳಿಗೆ ಕಟ್ಟುವುದನ್ನೇ ಕೊಳ್ಳಿ. ಮಣಿಕಟ್ಟಿನದು ಕೈ ಸ್ವಲ್ಪ ಮೇಲೆ ಕೆಳಗೆ ಆದರೂ ಬೇರೆ ಅಂಕಿ ತೋರಿಸುತ್ತದೆ.

ಆಸ್ಪತ್ರೆಗೆ ಹೋಗುವ ದಿನ ಬೆಳಿಗ್ಗೆ "ಖಾಲಿ ಹೊಟ್ಟೀಲೆ ಬಾ ಅಂದಾರ" ಎಂದು ಬಿಪಿ ಗುಳಿಗೆಯನ್ನೂ ನುಂಗದೆ ಹೋಗುವವರು ತುಂಬ ಮಂದಿ. ಸಕ್ಕರೆ ಪರೀಕ್ಷೆಗೆ ಬೇಕಾದದ್ದು ಆಹಾರವಿಲ್ಲದ ಹೊಟ್ಟೆ. ಬಿಪಿ ಗುಳಿಗೆಯನ್ನು ನೀರಿನೊಂದಿಗೆ ನುಂಗಿಯೇ ಹೋಗಬೇಕು. ಸಕ್ಕರೆಯ ಗುಳಿಗೆ ಮಾತ್ರ ಊಟದವರೆಗೆ ಕಾಯಲಿ.

3. ಯಾಕೆ ಬಿಟ್ಟರು?

*"ನಾರ್ಮಲ್ ಆಗೈತಿ ಅಂದ್ರು, ಅದಕ್ಕ ಬಿಟ್ಟೆ."* ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬರುವ ಮಾತು ಇದೇ. ಜ್ವರ ಇಳಿದರೆ ಗುಳಿಗೆ ನಿಲ್ಲಿಸುವುದು ನಮಗೆಲ್ಲ ಚಿಕ್ಕಂದಿನಿಂದ ರೂಢಿ. ಬಿಪಿಯ ಲೆಕ್ಕ ಬೇರೆ. 130 ಬಂದಿರುವುದು ಗುಳಿಗೆ ಒಳಗಿರುವುದರಿಂದ. ಕಾಲುವೆಯ ತೂಬಿಗೆ ಹಲಗೆ ಇಳಿಸಿದಾಗ ನೀರು ಕಡಿಮೆಯಾಗುತ್ತದೆ, ಹಲಗೆ ಎತ್ತಿದರೆ ಮತ್ತೆ ನುಗ್ಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗಿನ ರೈತರಿಗೆ ಇಷ್ಟು ಹೇಳಿದರೆ ಸಾಕು, ಉಳಿದದ್ದನ್ನು ಅವರೇ ಹೇಳುತ್ತಾರೆ. ಬಿಪಿ ಗುಳಿಗೆಗಳಲ್ಲಿ ಒಂದಾದ ಆಮ್ಲೋಡಿಪೈನ್ ಮೈಯಿಂದ ನಿಧಾನವಾಗಿ ಹೊರಹೋಗುವ ಔಷಧಿ. ಬಿಟ್ಟ ಮರುದಿನ ಏನೂ ಅನಿಸುವುದಿಲ್ಲ, "ನೋಡ್ರಿ, ಬಿಟ್ಟರೂ ಏನೂ ಆಗಲಿಲ್ಲ" ಎಂಬ ಧೈರ್ಯ ಬರುತ್ತದೆ. ಬಿಪಿ ಏರುವುದು ಆಮೇಲಿನ ದಿನಗಳಲ್ಲಿ, ಅದೂ ಸದ್ದಿಲ್ಲದೆ. ತಲೆನೋವು, ತಲೆಸುತ್ತು ಇಲ್ಲದಿದ್ದರೆ ಬಿಪಿ ಇಲ್ಲ ಎಂಬ ನಂಬಿಕೆಯೂ ಇದರ ಜೊತೆಗೇ ಇರುತ್ತದೆ. 180 ಇದ್ದು ಹತ್ತಿ ಬಿಡಿಸುತ್ತಿರುವವರೂ ಇದ್ದಾರೆ. ಬಿಪಿ ಇಳಿದು ಸ್ಥಿರವಾಗಿದ್ದರೆ ಗುಳಿಗೆ ಕಡಿಮೆ ಮಾಡಬಹುದೇ ಎಂದು ವೈದ್ಯರನ್ನು ಕೇಳುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ತೂಕ ಮತ್ತು ಉಪ್ಪು ಇಳಿಸಿದವರಿಗೆ ಕೆಲವೊಮ್ಮೆ ಕಡಿಮೆ ಮಾಡುತ್ತಾರೆ ಕೂಡ.

*"ಗುಳಗಿ ತಿಂದು ಕಿಡ್ನಿ ಹೋಗತಾವ."* ಈ ಭಯ ಆಳವಾದದ್ದು. ಅದಕ್ಕೆ ಒಂದು ಕಾರಣವೂ ಇದೆ: ಡಯಾಲಿಸಿಸ್‌ಗೆ ಹೋಗುವ ಓಣಿಯವರು ಬಿಪಿ ಗುಳಿಗೆ ನುಂಗುತ್ತಿದ್ದುದನ್ನು ಜನ ಕಣ್ಣಾರೆ ಕಂಡಿರುತ್ತಾರೆ. ಗುಳಿಗೆಯಿಂದಲೇ ಹೀಗಾಯಿತು ಎಂದು ಅನ್ನಿಸುವುದು ಸಹಜ. ಕಿಡ್ನಿಯ ಸಣ್ಣ ರಕ್ತನಾಳಗಳನ್ನು ವರ್ಷಗಟ್ಟಲೆ ಹಾಳುಮಾಡುವುದು ಹತೋಟಿಗೆ ಬಾರದ ಬಿಪಿ ಮತ್ತು ಸಕ್ಕರೆ ಕಾಯಿಲೆ. ಟೆಲ್ಮಿಸಾರ್ಟಾನ್‌ನಂಥ ಬಿಪಿ ಔಷಧಿಗಳನ್ನು ಸಕ್ಕರೆ ಕಾಯಿಲೆಯವರಲ್ಲಿ ಕಿಡ್ನಿ ಉಳಿಸಲೆಂದೇ ಕೊಡುತ್ತಾರೆ. ಅದನ್ನು ಶುರುಮಾಡಿದ ಕೆಲವು ವಾರಗಳಲ್ಲಿ ರಕ್ತದ ಕ್ರಿಯಾಟಿನಿನ್ ಮತ್ತು ಪೊಟ್ಯಾಶಿಯಂ ಪರೀಕ್ಷೆ ಮಾಡಿಸಿದರೆ ಭಯಕ್ಕೆ ಉತ್ತರ ಕಾಗದದ ಮೇಲೇ ಸಿಗುತ್ತದೆ.

ಕಿಡ್ನಿಗೆ ನಿಜವಾಗಿ ಪೆಟ್ಟು ಕೊಡುವ ಗುಳಿಗೆ ಬೇರೆಯೇ ಇದೆ. ಭತ್ತದ ನಾಟಿ, ಕಳೆ, ಕೊಯ್ಲು ಮುಗಿಸಿ ಬಂದ ರಾತ್ರಿ ಕಿರಾಣಿ ಅಂಗಡಿಯಲ್ಲಿ ಸಿಗುವ ಮೈಕೈ ನೋವಿನ ಗುಳಿಗೆ. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್ ಇವೆಲ್ಲ ಮೈಯಲ್ಲಿ ಉಪ್ಪು ನೀರನ್ನು ಹಿಡಿದಿಟ್ಟು ಬಿಪಿ ಏರಿಸುತ್ತವೆ, ಬಿಪಿ ಗುಳಿಗೆಯ ಕೆಲಸವನ್ನೂ ತಗ್ಗಿಸುತ್ತವೆ. ಟೆಲ್ಮಿಸಾರ್ಟಾನ್, ಮೂತ್ರ ಹೆಚ್ಚಿಸುವ ಗುಳಿಗೆ ಮತ್ತು ನೋವಿನ ಗುಳಿಗೆ ಮೂರೂ ಸೇರಿ, ಅದರ ಮೇಲೆ ಬಿಸಿಲಿಗೆ ಮೈಯ ನೀರು ಬತ್ತಿದರೆ ಕಿಡ್ನಿ ಕೆಲವೇ ದಿನಗಳಲ್ಲಿ ಕೈಕೊಡಬಹುದು. ನುಂಗುತ್ತಿದ್ದರೂ ಬಿಪಿ ಇಳಿಯುತ್ತಿಲ್ಲ ಎನ್ನುವವರ ಚೀಲದಲ್ಲಿ ನೋವಿನ ಗುಳಿಗೆ ಇದೆಯೇ ಎಂದು ತಪ್ಪದೆ ನೋಡಿ. ನೋವಿಗೆ ಪ್ಯಾರಾಸಿಟಮಾಲ್ ವಾಸಿ. ಅದೂ ದಿನವೂ ಬೇಕಾಗುತ್ತಿದ್ದರೆ ವೈದ್ಯರಿಗೆ ತಿಳಿಸಿ.

*"ನನಗ ಆ ಗುಳಗಿ ಒಗ್ಗಂಗಿಲ್ಲ."* ಹೀಗೆ ಅಂದವರನ್ನು ನಂಬಿ. ಏನು ಆಗುತ್ತದೆ ಎಂದು ಬಿಡಿಸಿ ಕೇಳಿದರೆ ಯಾವ ಗುಳಿಗೆ ಎಂಬುದೂ ತಿಳಿಯುತ್ತದೆ. ಸಂಜೆಗೆ ಪಾದ, ಹಿಂಬಡದ ಸುತ್ತ ಬಾವು ಬಂದು ಬೆಳಿಗ್ಗೆ ಇಳಿಯುತ್ತಿದ್ದರೆ ಆಮ್ಲೋಡಿಪೈನ್ ಇರಬಹುದು, 5 ಮಿ.ಗ್ರಾಂ.ಗಿಂತ 10ರಲ್ಲಿ ಇದು ಹೆಚ್ಚು. ಪ್ರಮಾಣ ತಗ್ಗಿಸಿ ಟೆಲ್ಮಿಸಾರ್ಟಾನ್ ಜೊತೆಗೂಡಿಸಿದರೆ ಬಹುತೇಕ ಬಾವು ಇಳಿಯುತ್ತದೆ. ಶುರುವಿನ ಒಂದೆರಡು ವಾರದ ತಲೆನೋವು, ಮುಖ ಬಿಸಿಯಾಗುವುದು ಸಾಮಾನ್ಯವಾಗಿ ತಾನೇ ಹೋಗುತ್ತದೆ. ಗಂಟಲು ಕೆರೆತದ ಒಣ ಕೆಮ್ಮು ವಾರಗಟ್ಟಲೆ ಬಿಡದಿದ್ದರೆ ಎನಾಲಾಪ್ರಿಲ್ ಅಥವಾ ರಾಮಿಪ್ರಿಲ್ ಇದೆಯೇ ನೋಡಿ. ಅದನ್ನು ಬದಲಿಸಬೇಕು, ಕೆಮ್ಮಿನ ಔಷಧಿ ಕುಡಿದು ಪ್ರಯೋಜನವಿಲ್ಲ. ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವವರು ಮೂತ್ರ ಹೆಚ್ಚಿಸುವ ಗುಳಿಗೆಗಳಾದ ಕ್ಲೋರ್ಥಾಲಿಡೋನ್ ಅಥವಾ ಹೈಡ್ರೋಕ್ಲೋರೋಥಯಾಜೈಡ್ ಅನ್ನು ಸಂಜೆ ನುಂಗುತ್ತಿರಬಹುದು. ಅದರ ಹೊತ್ತು ಬೆಳಿಗ್ಗೆ. ಗರ್ಭಿಣಿಯರು ಟೆಲ್ಮಿಸಾರ್ಟಾನ್, ಎನಾಲಾಪ್ರಿಲ್ ಗುಂಪಿನ ಗುಳಿಗೆ ನುಂಗಬಾರದು. ಮುಟ್ಟು ತಪ್ಪಿದ ಕೂಡಲೇ ವೈದ್ಯರಿಗೆ ಹೇಳಿ ಬೇರೆ ಔಷಧಿ ಬರೆಸಿಕೊಳ್ಳಬೇಕು.

*"ಈ ಸಲ ಬ್ಯಾರೆ ಗುಳಗಿ ಕೊಟ್ಟಾರ."* ಹಳೆಯದು ಕೆಂಪು ಪಟ್ಟಿ, ಹೊಸದು ಬೆಳ್ಳಿ ಪಟ್ಟಿ. ಒಳಗಿನ ಔಷಧಿ ಒಂದೇ ಆಗಿದ್ದರೂ ಕೆಲವರು ಹೊಸದನ್ನು ಮುಟ್ಟುವುದಿಲ್ಲ, ಕೆಲವರು ಎರಡನ್ನೂ ನುಂಗಿ ಇಮ್ಮಡಿ ಪ್ರಮಾಣಕ್ಕೆ ಬೀಳುತ್ತಾರೆ. ಮನೆಯ ಶಾಲೆ ಹುಡುಗರಿಂದ ಪಟ್ಟಿಯ ಹಿಂದಿನ ಮೂಲ ಔಷಧಿಯ ಹೆಸರು ಓದಿಸಿ. ಹೆಸರೂ ಮಿಲಿಗ್ರಾಂ ಅಂಕಿಯೂ ಎರಡರಲ್ಲೂ ಒಂದೇ ಆಗಿದ್ದರೆ ಅದು ಅದೇ ಗುಳಿಗೆ. ಜನೌಷಧಿ ಅಂಗಡಿಯ ಕಡಿಮೆ ಬೆಲೆಯ ಗುಳಿಗೆಗೂ ಇದೇ ಮಾತು.

*"ಒಂದು ದಿನದ ಕೂಲಿ ಹೋಗತೈತಿ."* ಇದಕ್ಕೆ ಬುದ್ಧಿಮಾತು ಉತ್ತರವಲ್ಲ, ದಾರಿ ಹತ್ತಿರ ಮಾಡುವುದೇ ಉತ್ತರ. ಬಿಪಿ ಹತೋಟಿಗೆ ಬಂದವರು ಪ್ರತಿ ತಿಂಗಳೂ ತಾಲ್ಲೂಕು ಆಸ್ಪತ್ರೆಯ ಸಾಲಿನಲ್ಲಿ ನಿಲ್ಲಬೇಕಿಲ್ಲ. ಹಳ್ಳಿಯ ಆಯುಷ್ಮಾನ್ ಆರೋಗ್ಯ ಮಂದಿರದ ಸಮುದಾಯ ಆರೋಗ್ಯ ಅಧಿಕಾರಿ ಬಿಪಿ ಅಳೆದು, ವೈದ್ಯರು ಬರೆದ ಗುಳಿಗೆಯನ್ನು ಮುಂದುವರಿಸಿ ಕೊಡಬಹುದು. ಪಟ್ಟಣದಲ್ಲಿ ಸರ್ಕಾರದ "ನಮ್ಮ ಕ್ಲಿನಿಕ್" ಇದೆ. ಆದರೆ ಅಲ್ಲಿ ದಾಸ್ತಾನು ಇದೆಯೇ ಎಂದು ಹೋಗುವ ಹಿಂದಿನ ದಿನವೇ ಆಶಾ ಅಕ್ಕನಿಂದ ಕೇಳಿಸಿ. ಎರಡು ಸಲ ಬರಿಗೈಲಿ ಹಿಂದೆ ಬಂದವರು ಮೂರನೆಯ ಸಲ ಹೋಗುವುದಿಲ್ಲ, ಅವರನ್ನು ದೂರುವುದೂ ನ್ಯಾಯವಲ್ಲ. ಪಟ್ಟಿಯಲ್ಲಿ 7 ಗುಳಿಗೆ ಉಳಿದಾಗಲೇ ತರಲು ಹೊರಡುವುದು ಇದಕ್ಕಾಗಿಯೇ.

*ಉಪವಾಸ, ಕುಡಿತ, ಪಾದಯಾತ್ರೆ.* ಶ್ರಾವಣ ಸೋಮವಾರ, ಏಕಾದಶಿಗೆ ಗುಳಿಗೆ ಬಿಡುವವರು ಒಂದು ತಿಂಗಳಲ್ಲೇ ನಾಲ್ಕೈದು ದಿನ ಕಳೆದುಕೊಳ್ಳುತ್ತಾರೆ. ಬಿಪಿ ಗುಳಿಗೆಗೆ ಒಂದು ಲೋಟ ನೀರು ಸಾಕು. ರಂಜಾನ್ ತಿಂಗಳಲ್ಲಿ ದಿನಕ್ಕೊಂದು ಗುಳಿಗೆಯವರು ಅದನ್ನು ಸಹರಿ ಅಥವಾ ಇಫ್ತಾರಿನ ಹೊತ್ತಿಗೆ ಹೊಂದಿಸಿಕೊಳ್ಳಬಹುದು, ಮೂತ್ರ ಹೆಚ್ಚಿಸುವ ಗುಳಿಗೆ ಇದ್ದವರು ಉಪವಾಸ ಶುರುವಾಗುವ ಮುಂಚೆ ವೈದ್ಯರನ್ನು ಕೇಳಬೇಕು. "ಕುಡಿದ ದಿನ ಗುಳಗಿ ತಿನ್ನಬಾರದು" ಎಂಬ ಮಾತು ಹಲವರ ಬಿಪಿ ಕೆಡಿಸಿದೆ. ಕುಡಿತ ಬಿಪಿ ಏರಿಸುತ್ತದೆ, ಗುಳಿಗೆ ಬಿಟ್ಟರೆ ಇನ್ನಷ್ಟು ಏರುತ್ತದೆ. ಅಂಥವರಿಗೆ ಗುಳಿಗೆ ಬೆಳಿಗ್ಗೆಯೇ ಇರಲಿ, ಸಂಜೆಗೆ ಬೇಡ. ಯುಗಾದಿಗೆ ಶ್ರೀಶೈಲದ ಮಲ್ಲಯ್ಯನ ಕಡೆ ನಡೆದು ಹೋಗುವವರು ಹೋಗಿಬರುವ ದಿನಗಳಿಗಿಂತ 5 ಗುಳಿಗೆ ಹೆಚ್ಚು ಇಟ್ಟುಕೊಳ್ಳಬೇಕು. ಆ ಬಿಸಿಲಲ್ಲಿ ನಡೆಯುವಾಗ ಪ್ರಮಾಣ ಬದಲಿಸಬೇಕೇ ಎಂಬುದನ್ನೂ ಹೊರಡುವ ಮೊದಲೇ ಕೇಳಿಕೊಳ್ಳಬೇಕು.

4. ಗುಳಿಗೆಗೆ ಒಂದು ಹೊತ್ತು, ಒಂದು ಜಾಗ

"ದಿನಕ್ಕೊಂದು" ಎಂಬುದು ಸಾಲದು. ದಿನವೂ ತಪ್ಪದ ಒಂದು ಕೆಲಸಕ್ಕೆ ಗಂಟು ಹಾಕಿ: ಹಲ್ಲುಜ್ಜಿದ ಮೇಲೆ, ಬೆಳಗಿನ ಚಹಾಕ್ಕೆ ಮುಂಚೆ, ಹೊಲಕ್ಕೆ ಬುತ್ತಿ ಕಟ್ಟುವಾಗ. ಹಟ್ಟಿಯ ಚಿನ್ನದ ಗಣಿ, ಶಕ್ತಿನಗರದ ವಿದ್ಯುತ್ ಸ್ಥಾವರಗಳಲ್ಲಿ ಪಾಳಿ ಕೆಲಸ ಮಾಡುವವರಿಗೆ ಗಡಿಯಾರದ ಹೊತ್ತು ನಿಲ್ಲುವುದಿಲ್ಲ. "ಎದ್ದ ಮೇಲಿನ ಮೊದಲ ಊಟ" ಎಂಬ ಗುರುತು ಅವರಿಗೆ ಒಗ್ಗುತ್ತದೆ.

ನೆನಪಿಗಾಗಿ ಏಳು ಖಾನೆಗಳ ಡಬ್ಬಿ ತರುವ ಮೊದಲು ಒಂದು ವಿಷಯ ನೋಡಿ. ಟೆಲ್ಮಿಸಾರ್ಟಾನ್ ಗಾಳಿಯ ತೇವ ಹೀರಿ ಕೆಡುವ ಗುಳಿಗೆ. ಅದನ್ನು ಪಟ್ಟಿಯಿಂದ ಬಿಡಿಸಿ ವಾರಕ್ಕಾಗುವಷ್ಟು ಡಬ್ಬಿಗೆ ಸುರಿಯಬಾರದು, ನುಂಗುವಾಗಲೇ ಒಡೆಯಬೇಕು. ಡಬ್ಬಿಗಿಂತ ಒಂದು ಮಾರ್ಕರ್ ಪೆನ್ನು ಮೇಲು. ಪಟ್ಟಿ ತಂದ ದಿನವೇ ಪ್ರತಿ ಗುಳಿಗೆಯ ಬೆನ್ನಿಗೆ ತಾರೀಖು ಬರೆಯಿರಿ: 4, 5, 6, 7. ಓದಲು ಬಾರದವರಿಗೆ ಸೋಮವಾರದ ಗುಳಿಗೆಗೆ ಮಾತ್ರ ಒಂದು ಚುಕ್ಕೆ ಇಟ್ಟರೂ ಸಾಕು. ಸೋಮವಾರ ಸಂಜೆ ಚುಕ್ಕೆಯ ಗುಳಿಗೆ ಪಟ್ಟಿಯಲ್ಲೇ ಇದ್ದರೆ ಆ ವಾರ ಎಲ್ಲೋ ತಪ್ಪಿದೆ ಎಂದು ಕಣ್ಣಿಗೇ ಕಾಣುತ್ತದೆ.

ಹೆಚ್ಚಿನ ಗುಳಿಗೆಗಳನ್ನು 30 ಡಿಗ್ರಿಗಿಂತ ತಂಪಾದ ಕಡೆ ಇಡಬೇಕೆಂದು ಪಟ್ಟಿಯ ಮೇಲೇ ಬರೆದಿರುತ್ತದೆ. ರಾಯಚೂರಿನ ಬೇಸಿಗೆ 40 ದಾಟುತ್ತದೆ, ತಗಡಿನ ಮನೆಯಲ್ಲಿ ಅದಕ್ಕೂ ಮೇಲೆ. ತಗಡಿನ ಕೆಳಗಿನ ಅಟ್ಟ, ಒಲೆಯ ಪಕ್ಕದ ಗೂಡು, ಟ್ರ್ಯಾಕ್ಟರಿನ ಡಬ್ಬಿ ಇವು ಬೇಡ. ದಪ್ಪ ಮಣ್ಣಿನ ಗೋಡೆಯ ಒಳಗೂಡು, ನೆಲದ ಮಟ್ಟದ ಟ್ರಂಕು ಅಥವಾ ನೀರಿನ ಗಡಿಗೆಯ ಹತ್ತಿರ (ತೇವ ತಾಗದಂತೆ ಮುಚ್ಚಳದ ಡಬ್ಬಿಯೊಳಗೆ) ಇಡಿ. ಮಕ್ಕಳ ಕೈಗೆ ಮಾತ್ರ ಎಟುಕಬಾರದು.

ಮರೆತರೆ? ದಿನಕ್ಕೊಂದು ನುಂಗುವವರು ಅದೇ ದಿನ ನೆನಪಾದಾಗ ನುಂಗಿ. ಮರುದಿನದ ಹೊತ್ತು ಹತ್ತಿರ ಬಂದಿದ್ದರೆ ತಪ್ಪಿದ್ದನ್ನು ಬಿಟ್ಟುಬಿಡಿ. ಎರಡನ್ನು ಒಟ್ಟಿಗೆ ನುಂಗಬೇಡಿ. ಎರಡು ಮೂರು ಗುಳಿಗೆ ಇದ್ದವರು ಅವನ್ನೆಲ್ಲ ಒಂದೇ ಗುಳಿಗೆಯಲ್ಲಿ ಕೂಡಿಸಿಕೊಡಲು ಬರುತ್ತದೆಯೇ ಎಂದು ವೈದ್ಯರನ್ನು ಕೇಳಿ. ಟೆಲ್ಮಿಸಾರ್ಟಾನ್ 40 ಮತ್ತು ಆಮ್ಲೋಡಿಪೈನ್ 5 ಒಂದೇ ಗುಳಿಗೆಯಾಗಿ ಸಿಗುತ್ತದೆ. ಗುಳಿಗೆಗಳ ಸಂಖ್ಯೆ ಇಳಿದಷ್ಟೂ ತಪ್ಪುವುದು ಕಡಿಮೆ.

5. ಉಪ್ಪಿನ ಲೆಕ್ಕ ತಿಂಗಳಿಗೆ ಹಾಕಿ

ಒಬ್ಬರಿಗೆ ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಒಂದು ಚಹಾ ಚಮಚ. ಅಡುಗೆ ಮಾಡುವಾಗ ಯಾರೂ ತೂಗುವುದಿಲ್ಲವಾದ್ದರಿಂದ ಪಾಕೀಟಿನ ಮೇಲೆ ಲೆಕ್ಕ ಇಡಿ: ಐದು ಮಂದಿಯ ಮನೆಗೆ ತಿಂಗಳಿಗೆ 750 ಗ್ರಾಂ. ಒಂದು ಕಿಲೋ ಪಾಕೀಟು 40 ದಿನ ಬರಬೇಕು. 20 ದಿನಕ್ಕೇ ಮುಗಿಯುತ್ತಿದ್ದರೆ ಇಮ್ಮಡಿ ಹೋಗುತ್ತಿದೆ. ಇದರ ಮೇಲೆ ಉಪ್ಪಿನಕಾಯಿ, ಹಪ್ಪಳ, ಉಪ್ಪು ಹಾಕಿ ಒಣಗಿಸಿದ ಮೆಣಸಿನಕಾಯಿ, ಸೋಡಾ ಹಾಕಿದ ಮಿರ್ಚಿ ಭಜಿ ಬೇರೆ. ಜೋಳದ ರೊಟ್ಟಿಗೆ ಉಪ್ಪೇ ಬೇಕಿಲ್ಲ, ಅದರ ಜೊತೆ ಬರುವ ಶೇಂಗಾ ಚಟ್ನಿಯ ಉಪ್ಪನ್ನು ಅರ್ಧ ಮಾಡಿ ಹುಳಿ, ಬೆಳ್ಳುಳ್ಳಿ ಹೆಚ್ಚಿಸಿದರೆ ಎರಡು ಮೂರು ವಾರದಲ್ಲಿ ನಾಲಿಗೆ ಒಗ್ಗುತ್ತದೆ. ಕಡಿಮೆ ಸೋಡಿಯಂ ಎಂದು ಮಾರುವ ಉಪ್ಪಿನಲ್ಲಿ ಪೊಟ್ಯಾಶಿಯಂ ಇರುತ್ತದೆ. ಕಿಡ್ನಿ ತೊಂದರೆ ಇರುವವರು, ಟೆಲ್ಮಿಸಾರ್ಟಾನ್ ನುಂಗುವವರು ವೈದ್ಯರನ್ನು ಕೇಳದೆ ಅದನ್ನು ಬಳಸಬಾರದು.

6. ಗುಳೆ ಹೊರಡುವಾಗ

ದೇವದುರ್ಗ, ಲಿಂಗಸುಗೂರು, ಮಸ್ಕಿ ಕಡೆಯಿಂದ ಬೆಂಗಳೂರು, ಪುಣೆಗೆ ಗುಳೆ ಹೋಗುವವರ ಚಿಕಿತ್ಸೆ ನಿಲ್ಲುವುದು ಬಸ್ಸು ಹತ್ತಿದ ತಿಂಗಳಲ್ಲೇ. ಹೊರಡುವ ಎಂಟು ದಿನ ಮೊದಲು ಆರೋಗ್ಯ ಕೇಂದ್ರಕ್ಕೆ ಹೋಗಿ ಊರು ಬಿಡುತ್ತಿರುವುದನ್ನು ಹೇಳಿ, ದಾಸ್ತಾನು ಇದ್ದರೆ ಎರಡು ತಿಂಗಳಿಗಾಗುವಷ್ಟು ಕೇಳಿ. ಕಾರ್ಡಿನ ಎರಡೂ ಬದಿ, ಪ್ರತಿ ಪಟ್ಟಿಯ ಹಿಂಬದಿ ಮೊಬೈಲಿನಲ್ಲಿ ಫೋಟೋ ತೆಗೆದಿಡಿ, ಜೊತೆಗೆ ಹೋಗುವ ಇನ್ನೊಬ್ಬರ ಫೋನಿಗೂ ಕಳಿಸಿ. ಖಾಲಿ ಪಟ್ಟಿಯೊಂದನ್ನು ಬಿಸಾಡದೆ ಇಟ್ಟುಕೊಳ್ಳಿ. ಮರಾಠಿ ಬಾರದಿದ್ದರೂ ಪುಣೆಯ ಸರ್ಕಾರಿ ದವಾಖಾನೆಯಲ್ಲಿ ಆ ಪಟ್ಟಿ ತೋರಿಸಿದರೆ ಅದೇ ಔಷಧಿ ಕೇಳಬಹುದು.

7. ಬಿಟ್ಟು ತಿಂಗಳುಗಳಾಗಿದ್ದರೆ

ಹಳೆಯ ಚೀಟಿ ಹುಡುಕಿ ಎಲ್ಲ ಗುಳಿಗೆಗಳನ್ನೂ ಒಂದೇ ದಿನ ಶುರುಮಾಡಬೇಡಿ. ಮೊದಲು ಸರಿಯಾಗಿ ಅಳೆಸಿ, ಯಾವಾಗಿನಿಂದ ಬಿಟ್ಟಿದ್ದೀರಿ, ಯಾಕೆ ಬಿಟ್ಟಿರಿ ಎಂದು ವೈದ್ಯರಿಗೆ ನೇರವಾಗಿ ಹೇಳಿ. ಅವರು ಸಾಮಾನ್ಯವಾಗಿ ಕಡಿಮೆ ಪ್ರಮಾಣದಿಂದ ಹಿಡಿದು ತಿಂಗಳಿಗೊಮ್ಮೆ ನೋಡಿ ಏರಿಸುತ್ತಾರೆ. ಅಟೆನೊಲಾಲ್, ಮೆಟೊಪ್ರೊಲಾಲ್, ಕ್ಲೋನಿಡಿನ್ ನುಂಗುತ್ತಿರುವವರು ಮಾತ್ರ ಒಮ್ಮೆಲೇ ಬಿಡುವ ಸಾಹಸಕ್ಕೆ ಎಂದೂ ಹೋಗಬಾರದು. ಬಿಪಿ ಪುಟಿದೆದ್ದು ಹೃದಯಕ್ಕೆ ಅಪಾಯವಾಗುತ್ತದೆ. ವಾಂತಿ ಭೇದಿ ಹತ್ತಿ ನೀರು ನಿಲ್ಲದ ದಿನ ಟೆಲ್ಮಿಸಾರ್ಟಾನ್ ಮತ್ತು ಮೂತ್ರದ ಗುಳಿಗೆ ಮುಂದುವರಿಸಬೇಕೇ ಎಂದು ಅಂದೇ ಫೋನ್ ಮಾಡಿ ಕೇಳಿ.

180/120 ದಾಟಿದ್ದರೂ ಬೇರೆ ಯಾವ ತೊಂದರೆಯೂ ಇಲ್ಲದಿದ್ದರೆ ಕೂರಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅಳೆದು, ಅಂದೇ ವೈದ್ಯರಿಗೆ ತೋರಿಸಿ. ನಾಲಿಗೆ ಕೆಳಗೆ ಗುಳಿಗೆ ಇಟ್ಟು ದಿಢೀರನೆ ಇಳಿಸಲು ಹೋಗಬೇಡಿ. ಎದೆನೋವು, ಉಸಿರು ಕಟ್ಟುವುದು, ಬಾಯಿ ಸೊಟ್ಟಗಾಗುವುದು, ಒಂದು ಬದಿಯ ಕೈಕಾಲು ಬಲ ಕಳೆದುಕೊಳ್ಳುವುದು, ಮಾತು ತೊದಲುವುದು, ದಿಢೀರನೆ ಕಣ್ಣು ಮಂಜಾಗುವುದು ಇದ್ದರೆ ಅಂಕಿ ಎಷ್ಟೇ ಇರಲಿ 108ಕ್ಕೆ ಕರೆ ಮಾಡಿ. ಲಕ್ವಾ ಅನಿಸಿದರೆ ಬಾಯಿಗೆ ನೀರು, ಗುಳಿಗೆ ಏನನ್ನೂ ಹಾಕಬೇಡಿ, ಉಸಿರುನಾಳಕ್ಕೆ ಹೋಗುತ್ತದೆ. ಲಕ್ವಾಕ್ಕೆ ಮದ್ದೆಂದು ಊರೂರು ತಿರುಗಲೂ ಹೋಗಬೇಡಿ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ವಾ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದಕ್ಕೂ ಸಾಕಷ್ಟು ಮೊದಲೇ ಆಸ್ಪತ್ರೆ ಮುಟ್ಟಿರಬೇಕು. ಅವರು ಕೊನೆಯ ಬಾರಿ ಚೆನ್ನಾಗಿ ಮಾತಾಡಿದ್ದು ಎಷ್ಟು ಗಂಟೆಗೆ ಎಂಬುದನ್ನು ಅಂಗೈ ಮೇಲಾದರೂ ಬರೆದುಕೊಂಡು, ಕಾರ್ಡು ಮತ್ತು ಗುಳಿಗೆ ಪಟ್ಟಿಗಳನ್ನು ಎತ್ತಿಕೊಂಡು ಆಂಬುಲೆನ್ಸ್ ಹತ್ತಿ.